ಎರಿಕಾ ಪಾಮ್ ಅಡಿಕೆ ಅಲ್ಲ. ಆದರೂ ಅದಕ್ಕೆ ಬೇಕಾಗಿರೋದು ತೋಟದ ಬುದ್ಧಿ



ಇವತ್ತಿನ ಮಾತು ನಮ್ಮ ಪುಣೆಯ ಫ್ಲಾಟುಗಳಲ್ಲಿ ಸೋಫಾ ಪಕ್ಕದ ಮೂಲೆಯಲ್ಲಿ ನಿಂತಿರೋ ಪಾಮ್ ಗಿಡದ ಬಗ್ಗೆ. ಹಿಂಜೇವಾಡಿ, ವಾಕಡ್, ಬಾನೇರ್, ಖರಾಡಿ, ಹಡಪ್ಸರ್, ಎಲ್ಲಿ ಹೋದರೂ ಇದು ಕಾಣುತ್ತೆ. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿರ್ತಾರೆ, ಇಲ್ಲಾ ಸೋಲಾಪುರ ರಸ್ತೆಯ ನರ್ಸರಿಯಿಂದ ನಾವೇ ತಂದಿರ್ತೀವಿ. ಮೊದಲ ಆರು ತಿಂಗಳು ಚೆನ್ನಾಗಿರುತ್ತೆ. ಏಪ್ರಿಲ್ ಬರುತ್ತೆ, ಗರಿಯ ತುದಿ ಕಂದಾಗುತ್ತೆ, ಕೆಳಗಿನ ಸೋಗೆ ಹಳದಿ ಆಗುತ್ತೆ. ಇನ್ನಷ್ಟು ನೀರು ಹಾಕ್ತೀವಿ. ಜೂನ್ ಹೊತ್ತಿಗೆ ಗಿಡ ಹೋಗಿರುತ್ತೆ. "ನಮ್ಮ ಕೈಗುಣ ಸರಿ ಇಲ್ಲ" ಅಂತ ಹೇಳಿ ಇನ್ನೊಂದು ತರ್ತೀವಿ.

ಇದರಲ್ಲಿ ಕೈಗುಣದ ಪಾತ್ರ ಏನೂ ಇಲ್ಲ. ತೊಂದರೆ ಎರಡು. ಒಂದು, ಕುಂಡದಲ್ಲಿರೋದು ಯಾವ ಗಿಡ ಅಂತ ನಮಗೆ ಗೊತ್ತಿರಲ್ಲ. ಎರಡು, ಅದನ್ನ "ಇಂಡೋರ್ ಪ್ಲಾಂಟ್" ಅಂತ ನೋಡ್ತೀವಿ, ತಾಳೆ ಕುಟುಂಬದ ಎಳೇ ಮರ ಅಂತ ನೋಡಲ್ಲ. ತೆಂಗು, ಅಡಿಕೆ, ಈಚಲು ನೋಡಿ ಬೆಳೆದ ನಮಗೆ ಇದು ಹೊಸ ವಿದ್ಯೆ ಅಲ್ಲ. ನಿಮ್ಮ ಅಜ್ಜ ಅಡಿಕೆ ಸಸಿಗೆ ಏನು ಮಾಡ್ತಿದ್ದರೋ, ಹದಿನಾಲ್ಕನೇ ಮಹಡಿಯಲ್ಲಿ ಸುಮಾರು ಅದನ್ನೇ ಮಾಡಬೇಕು.

ನಮ್ಮ ಹೆಸರು, ಬೇರೆಯವರ ಗಿಡ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಪುಣೆಯ ನರ್ಸರಿಗಳಲ್ಲಿ ಅತಿ ಹೆಚ್ಚು ಮಾರಾಟಕ್ಕೆ ಇಟ್ಟಿರೋದು "ಎರಿಕಾ ಪಾಮ್". ಈ ಎರಿಕಾ, ಅರೆಕಾ ಅನ್ನೋ ಪದ ಎಲ್ಲಿಂದ ಬಂತು? ನಮ್ಮಿಂದಲೇ. ಕನ್ನಡದ ಅಡಿಕೆ, ಮಲಯಾಳದ ಅಡಕ್ಕ, ಇವು ಒಂದೇ ಮೂಲದ ಮಾತುಗಳು. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರ ಬಾಯಲ್ಲಿ ಅದು ಅರೆಕ ಆಯ್ತು. 1753ರಲ್ಲಿ ಲಿನೇಯಸ್ ಅಡಿಕೆ ಮರಕ್ಕೆ ಅರೆಕಾ ಕಟೇಚು ಅಂತ ಹೆಸರಿಟ್ಟ. ಕಟೇಚು ಅಂದರೆ ಕಾಚು. ಕಾಚು ಬರೋದು ಖದಿರದ ಮರದಿಂದ, ಅಡಿಕೆಯಿಂದ ಅಲ್ಲ; ಆದರೂ ಎರಡೂ ಒಂದೇ ಎಲೆ-ಅಡಿಕೆ ತಟ್ಟೆಯಲ್ಲಿ ಇರುತ್ವಲ್ಲ, ಹೆಸರಿನಲ್ಲೂ ಜೊತೆಯಾದವು.

ಆದರೆ ನಿಮ್ಮ ಹಾಲ್‌ನಲ್ಲಿರೋ ಎರಿಕಾ ಪಾಮ್ ಈ ಅಡಿಕೆ ಅಲ್ಲ. ಅದರ ಊರು ಮಡಗಾಸ್ಕರ್ ದ್ವೀಪದ ಪೂರ್ವ ಕರಾವಳಿ. ಹಿಂದೆ ತೋಟಗಾರಿಕೆಯವರು ಅದನ್ನ ಅರೆಕಾ ಲುಟೆಸೆನ್ಸ್ ಅಂತ ಮಾರುತ್ತಿದ್ದರು. 1878ರಲ್ಲಿ ವೆಂಡ್‌ಲ್ಯಾಂಡ್ ಅನ್ನೋ ಜರ್ಮನ್ ಸಸ್ಯಶಾಸ್ತ್ರಜ್ಞ ಅದನ್ನ ಕ್ರಿಸಾಲಿಡೋಕಾರ್ಪಸ್ ಲುಟೆಸೆನ್ಸ್ ಅಂತ ಬೇರೆ ಮಾಡಿದ. 1995ರಲ್ಲಿ ಅದು ಡಿಪ್ಸಿಸ್ ಅನ್ನೋ ಗುಂಪಿಗೆ ಹೋಯ್ತು, 2022ರಲ್ಲಿ ಮತ್ತೆ ಹಳೇ ಹೆಸರಿಗೇ ವಾಪಸ್ ಬಂತು. ವಿಜ್ಞಾನಿಗಳು ಇಷ್ಟೆಲ್ಲ ಬದಲಾಯಿಸಿದರೂ ವ್ಯಾಪಾರದವರು ಅರೆಕಾ ಅನ್ನೋದನ್ನ ಬಿಡಲಿಲ್ಲ. ನಮ್ಮ ಮಾತೇ ಊರೆಲ್ಲ ಸುತ್ತಿ, ಬೇರೆ ಗಿಡಕ್ಕೆ ಅಂಟಿಕೊಂಡು, ನಮ್ಮ ಮನೆಗೇ ಬಂದು ಕೂತಿದೆ.

ಮರಾಠಿಯಲ್ಲಿ ಈ ಗೊಂದಲ ಇಲ್ಲ. ಅಡಿಕೆ ಅಲ್ಲಿ ಸುಪಾರಿ. ನಿಮಗೆ ನಿಜವಾದ ಅಡಿಕೆ ಸಸಿ ಬೇಕಿದ್ದರೆ ನರ್ಸರಿಯಲ್ಲಿ ಸುಪಾರಿ ಅಂತಲೇ ಕೇಳಬೇಕು. ಎರಿಕಾ ಅಂದರೆ ಮಡಗಾಸ್ಕರದ್ದೇ ಕೊಡ್ತಾರೆ.

ಗುರುತು ಹಿಡಿಯೋದು ಹೇಗೆ

ನರ್ಸರಿಯಲ್ಲಿ ಕೇಳಿದರೆ "ಪಾಮ್ ಆಹೇ, ಇಂಡೋರ್ ಆಹೇ" ಅಂತ ಎರಡೇ ಮಾತು. ಆದ್ದರಿಂದ ನಾವೇ ನೋಡಿಕೊಳ್ಳಬೇಕು. ನಾನು ಇಡೀ ಎಲೆಯನ್ನ ಸೋಗೆ ಅಂತಲೂ, ಅದರ ನಡುದಂಟಿನ ಎರಡೂ ಕಡೆ ಇರೋ ಸೀಳುಗಳನ್ನ ಗರಿ ಅಂತಲೂ ಕರೀತೀನಿ. ಒಂದೊಂದೇ ಪ್ರಶ್ನೆ ಕೇಳಿಕೊಳ್ತಾ ಹೋಗೋಣ.

ಮೊದಲ ಪ್ರಶ್ನೆ: ಇದು ಪಾಮ್ ಹೌದಾ? ಪಾಮ್ ಅಂತ ಮಾರೋದೆಲ್ಲ ಪಾಮ್ ಅಲ್ಲ. ಬುಡ ಈರುಳ್ಳಿ ತರ ಉಬ್ಬಿ, ಮೇಲೆ ತೆಳ್ಳಗಿನ ಪಟ್ಟಿಯಂಥ ಎಲೆ ಇಳಿಬಿದ್ದಿದ್ದರೆ ಅದು ಪೋನಿಟೇಲ್ ಪಾಮ್. ಹೆಸರಲ್ಲಿ ಮಾತ್ರ ಪಾಮ್. ಯುಕ್ಕಾ, ಡ್ರಸೀನಾಗಳೂ ಹಾಗೇ. ಇವು ತಪ್ಪಾದರೆ ದೊಡ್ಡ ನಷ್ಟ ಇಲ್ಲ. ಆದರೆ ಒಂದರ ವಿಷಯದಲ್ಲಿ ಮಾತ್ರ ತಪ್ಪಬಾರದು. ಅದು "ಸಾಗೋ ಪಾಮ್", ಅಂದರೆ ಸೈಕಸ್. ಗಿಡ್ಡ ದಪ್ಪ ಕಾಂಡ, ಮೇಲೆ ಗುಲಾಬಿ ದಳದ ತರ ಸುತ್ತಲೂ ಹರಡಿದ ಗಡುಸು ಸೋಗೆ, ಗರಿಯ ತುದಿ ಮುಳ್ಳಿನಂತೆ ಚುಚ್ಚುತ್ತೆ, ಹೊಸ ಗರಿಗಳು ಜರೀಗಿಡದ ಹಾಗೆ ಸುರುಳಿ ಸುತ್ತಿಕೊಂಡಿರುತ್ತೆ. ಇದಕ್ಕೂ ತಾಳೆ ಕುಟುಂಬಕ್ಕೂ ಸಂಬಂಧ ಇಲ್ಲ. ಇದರ ಎಲ್ಲಾ ಭಾಗವೂ ವಿಷ, ಬೀಜ ಎಲ್ಲಕ್ಕಿಂತ ಹೆಚ್ಚು. ನಾಯಿ ಕಚ್ಚಿ ತಿಂದರೆ ಲಿವರ್ ಕೆಡುತ್ತೆ, ಜೀವಕ್ಕೇ ಅಪಾಯ. ಮನೆಯಲ್ಲಿ ನಾಯಿ ಇದ್ದರೆ, ಅಂಬೆಗಾಲಿಡೋ ಮಗು ಇದ್ದರೆ, ಸೈಕಸ್ ಬೇಡವೇ ಬೇಡ. ನಾಯಿ ತಿಂದಿದೆ ಅನ್ನೋ ಅನುಮಾನ ಬಂದರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ, ಗಿಡದ ಫೋಟೊ ತೆಗೆದುಕೊಂಡು ನೇರ ಪಶುವೈದ್ಯರ ಹತ್ತಿರ ಹೋಗಿ. ಎರಿಕಾ ಪಾಮ್ ನಾಯಿ, ಬೆಕ್ಕಿಗೆ ವಿಷ ಅಲ್ಲ. ಹೆಸರು ತಿಳಿದಿರಬೇಕು ಅಂತ ನಾನು ಇಷ್ಟು ಹೇಳೋದು ಇದಕ್ಕೇ.

ಎರಡನೇ ಪ್ರಶ್ನೆ: ಎಲೆ ಬೀಸಣಿಗೆಯಾ, ಸೋಗೆಯಾ? ಅಂಗೈ ಬಿಡಿಸಿದ ಹಾಗೆ, ಒಂದೇ ಜಾಗದಿಂದ ಬೆರಳುಗಳಂತೆ ಹರಡಿದ್ದರೆ ಅದು ಬೀಸಣಿಗೆ ಜಾತಿ. ಊರಿನ ತಾಳೆಮರ ನೆನಪಿಸಿಕೊಳ್ಳಿ. ನರ್ಸರಿಯಲ್ಲಿ ಸಿಗೋ ಬೀಸಣಿಗೆ ಜಾತಿಯಲ್ಲಿ ಮುಖ್ಯವಾದದ್ದು ರಾಪಿಸ್, ಇಂಗ್ಲಿಷಿನವರು ಲೇಡಿ ಪಾಮ್ ಅನ್ನೋದು. ಬೆರಳು ಗಾತ್ರದ ಕಾಂಡಗಳ ಗುಂಪು, ಕಾಂಡಕ್ಕೆ ಕಂದು ನಾರಿನ ಜಾಲರಿ, ಕಡು ಹಸಿರು ಎಲೆ. ಇಡೀ ಎಲೆ ಸೀಳದೆ, ಮಡಿಕೆ ಮಡಿಕೆಯಾಗಿ ದುಂಡಗಿದ್ದರೆ ಅದು ಲಿಕುವಾಲಾ; ಅದಕ್ಕೆ ತುಂಬಾ ತೇವದ ಗಾಳಿ ಬೇಕು, ಪುಣೆಯ ಬೇಸಿಗೆಗೆ ಕಷ್ಟ.

ಮೂರನೇ ಪ್ರಶ್ನೆ: ಸೋಗೆ ಜಾತಿ ಆದರೆ, ಗರಿ ಹೇಗೆ ಮಡಿಸಿದೆ? ಒಂದು ಗರಿಯನ್ನ ದಂಟಿಗೆ ಸೇರೋ ಜಾಗದಲ್ಲಿ ಹಿಡಿದು ನೋಡಿ. ಮಳೆ ನೀರು ನಿಲ್ಲೋ ಹಾಗೆ ದೋಣಿಯಂತೆ ಮಡಿಸಿದ್ದರೆ ಅದು ಈಚಲಿನ ಅಥವಾ ಬೈನೆಯ ಕಡೆಯದು. ನೀರು ಎರಡೂ ಕಡೆ ಜಾರಿಹೋಗೋ ಹಾಗೆ, ಮನೆಯ ಸೂರಿನಂತೆ ಮಡಿಸಿದ್ದರೆ ತೆಂಗು, ಅಡಿಕೆ, ಎರಿಕಾ ಕಡೆಯದು. ದೋಣಿ ಮಡಿಕೆ ಇದ್ದು, ದಂಟಿನ ಬುಡದ ಗರಿಗಳು ಮುಳ್ಳಾಗಿದ್ದರೆ ಅದು ಕುಳ್ಳ ಈಚಲು, ಫೀನಿಕ್ಸ್ ಅಂತ ಮಾರ್ತಾರೆ. ಗರಿ ಮೀನಿನ ಬಾಲದ ತರ ಹರಿದಂತಿದ್ದರೆ ಅದು ಫಿಶ್‌ಟೇಲ್ ಪಾಮ್. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಕಾಡಿನ ಬೈನೆ ಅಥವಾ ಬಗನಿ ಮರದ ಹತ್ತಿರದ ಸಂಬಂಧಿ. ಮರಾಠಿಯಲ್ಲಿ ಬೈನೆಗೆ ಭೇರ್ಲಿ ಮಾಡ್ ಅಂತಾರೆ.

ಕೊನೇ ಪ್ರಶ್ನೆ: ಸೂರಿನ ಮಡಿಕೆಯಲ್ಲಿ ಯಾವುದು? ಬುಡದಿಂದ ಹಲವು ಕಾಂಡ, ದಂಟು ಹಳದಿ ಅಥವಾ ಕಿತ್ತಳೆ ಛಾಯೆ, ಗರಿಗಳು ಎರಡೂ ಕಡೆಯಿಂದ ಮೇಲಕ್ಕೆ ಎದ್ದು ನಿಂತಿದ್ದರೆ ಅದು ಎರಿಕಾ. ದಂಟಿನ ಮೇಲೆ ಸಣ್ಣ ಕಪ್ಪು ಚುಕ್ಕೆ ಕಾಣುತ್ತೆ. ಹುಳ ಅಂದುಕೊಂಡು ಎಷ್ಟೋ ಜನ ಬೇವಿನೆಣ್ಣೆ ಹೊಡೀತಾರೆ. ಅದು ರೋಗ ಅಲ್ಲ, ಗಿಡದ ಸಹಜ ಗುರುತು. ಉಗುರಿನಿಂದ ಕೆರೆದು ನೋಡಿ. ಚಿಪ್ಪಿನ ಹಾಗೆ ಎದ್ದು ಬಂದು, ಸುತ್ತ ಅಂಟಂಟಾಗಿದ್ದರೆ ಮಾತ್ರ ಶಲ್ಕ ಕೀಟ.

ಹಳದಿ ಎಲ್ಲೂ ಇಲ್ಲ, ಕಾಂಡ ಬಿದಿರು ಕಡ್ಡಿಯಂತೆ ತೆಳ್ಳಗಿದೆ, ಗರಿ ಕಡು ಹಸಿರು ಅಂದರೆ ಅದು ಬಾಂಬೂ ಪಾಮ್. ಮೊಣಕಾಲೆತ್ತರದ ಪುಟ್ಟ ಗಿಡವಾದರೆ ಪಾರ್ಲರ್ ಪಾಮ್. ಇವೆರಡೂ ಕೆಮೆಡೋರಿಯಾ ಜಾತಿ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನ ನೆರಳಲ್ಲಿ ಬೆಳೆಯುವಂಥವು.

ಅಡಿಕೆ ಹೇಗೆ? ಅದು ಒಂಟಿ ಕಾಂಡ. ಎಳೇ ಸಸಿಯ ಎಲೆ ಪೂರ್ತಿ ಸೀಳಿರಲ್ಲ, ತುದಿಯಲ್ಲಿ ಎರಡಾಗಿ ಕವಲೊಡೆದಿರುತ್ತೆ. ದೊಡ್ಡದಾದ ಮೇಲೂ ಗರಿ ಅಗಲ, ಒಂದೊಂದರಲ್ಲೂ ಹಲವು ನರ, ಸೋಗೆಯ ತುದಿಯ ಗರಿಗಳು ಹಲ್ಲಿನಿಂದ ಕಚ್ಚಿದ ಹಾಗೆ ಮೊಂಡಾಗಿರುತ್ತೆ. ಎರಿಕಾದ ಗರಿ ಕಿರಿದು, ತುದಿ ಚೂಪು. ಇಷ್ಟು ನೋಡಿದರೆ ಸಾಕು.

ಗಾಳಿ ಶುದ್ಧಿಯ ಮಾತು

ಇಷ್ಟೊಂದು ಎರಿಕಾ ಮಾರಾಟ ಆಗೋಕೆ ಒಂದು ಕಾರಣ "ಗಾಳಿ ಶುದ್ಧ ಮಾಡುತ್ತೆ" ಅನ್ನೋ ಮಾತು. 1989ರಲ್ಲಿ ನಾಸಾದ ಅಧ್ಯಯನ ಒಂದು ಬಂತು. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು ಅಳೆದಿದ್ದು. ಆಮೇಲೆ 2009ರ ಟೆಡ್ ಭಾಷಣದಲ್ಲಿ ದೆಹಲಿಯ ಕಮಲ್ ಮೀಟ್ಲೆ ಎರಿಕಾ ಹೆಸರನ್ನ ಮನೆಮನೆಗೆ ತಲುಪಿಸಿದರು. ಆದರೆ 2019ರಲ್ಲಿ ಕಮಿಂಗ್ಸ್ ಮತ್ತು ವೇರಿಂಗ್ ಅನ್ನೋ ಸಂಶೋಧಕರು ಹಳೇ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ ನೋಡಿದರು. ಕಿಟಕಿಯಿಂದ ಸಹಜವಾಗಿ ಆಡೋ ಗಾಳಿಯ ಸಮಕ್ಕೆ ಗಿಡ ಕೆಲಸ ಮಾಡಬೇಕಾದರೆ, ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು! ಅಂದರೆ ಹಾಲ್ ಪೂರ್ತಿ ತೋಟ ಮಾಡಿ ನಾವು ಹೊರಗೆ ಮಲಗಬೇಕು. ಗಿಡ ಇಟ್ಟುಕೊಳ್ಳಿ, ಕಣ್ಣಿಗೆ ತಂಪು. ಗಾಳಿಗೆ ಕಿಟಕಿ ತೆರೆಯಿರಿ.

ಆಫೀಸಿನ ಪಾಮ್ ಯಾಕೆ ಸಾಯಲ್ಲ?

"ನಮ್ಮ ಆಫೀಸಿನ ಲಿಫ್ಟ್ ಪಕ್ಕ ಕತ್ತಲಲ್ಲಿ ಇಟ್ಟಿದ್ದಾರೆ, ಅದು ಯಾವಾಗಲೂ ಹಸಿರಾಗೇ ಇರುತ್ತಲ್ಲ?" ಅಂತ ಕೇಳ್ತಾರೆ. ಎಷ್ಟೋ ಆಫೀಸುಗಳಲ್ಲಿ ಗಿಡ ಬಾಡಿಗೆಗೆ ಬರುತ್ತೆ. ಗುತ್ತಿಗೆದಾರರು ಆಗಾಗ ಬಂದು ಸೊರಗಿದ್ದನ್ನ ಒಯ್ದು, ನರ್ಸರಿಯ ಬೆಳಕಲ್ಲಿ ಚೇತರಿಸಿಕೊಂಡಿದ್ದನ್ನ ಇಡ್ತಾರೆ. ನೀವು ವರ್ಷಪೂರ್ತಿ ನೋಡಿದ್ದು ಒಂದೇ ಕುಂಡ ಇರಬಹುದು, ಒಂದೇ ಗಿಡ ಅಲ್ಲ. ಶಿಫ್ಟ್ ಬದಲಾಗೋದು ನಮಗೆ ಮಾತ್ರ ಅಲ್ಲ!

ಪಾಮ್ ಕತ್ತಲಲ್ಲಿ ತಕ್ಷಣ ಸಾಯಲ್ಲ. ಒಳಗೆ ಕೂಡಿಟ್ಟ ಆಹಾರ ಖರ್ಚು ಮಾಡಿಕೊಂಡು ತಿಂಗಳುಗಟ್ಟಲೆ ಹಸಿರಾಗಿರುತ್ತೆ. ಆದ್ದರಿಂದಲೇ ನಮಗೆ ಕಾರಣ ತಿಳಿಯೋದು ತಡ. ಜನವರಿಯಲ್ಲಿ ಮೂಲೆಗೆ ಸರಿಸಿದ್ದು ಮೇನಲ್ಲಿ ಫಲ ಕೊಡುತ್ತೆ.

ಮನೆಯಲ್ಲಿ ಮಾಡಬೇಕಾದ್ದು

ಬೆಳಕು. ತೋಟದಲ್ಲಿ ಅಡಿಕೆ ಸಸಿ ನೆಟ್ಟಾಗ ಬಾಳೆಯ ನೆರಳು ಕೊಡ್ತಾರೆ. ನೈಋತ್ಯದ ಬಿಸಿಲು ಎಳೇ ಕಾಂಡಕ್ಕೆ ಹೊಡೆಯದಿರಲಿ ಅಂತ ಆ ಕಡೆಗೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುತ್ತಾರೆ. ಇದೇ ನಿಮ್ಮ ಬಾಲ್ಕನಿಯ ಪಾಠ. ಪೂರ್ವದ ಕಿಟಕಿ, ಬೆಳಗಿನ ಬಿಸಿಲು ಎರಿಕಾಗೆ ಒಳ್ಳೇದು. ಪಶ್ಚಿಮದ ಬಾಲ್ಕನಿ ಆದರೆ ಮಾರ್ಚ್‌ನಿಂದ ಮೇವರೆಗೆ ಬಿದಿರಿನ ಚಿಕ್ಕೋ ಹಸಿರು ನೆಟ್ಟೋ ಇಳಿಬಿಡಿ. ಬೆಳಕು ಕಡಿಮೆ ಇರೋ ಉತ್ತರದ ರೂಮಿಗೆ ಎರಿಕಾ ಬೇಡ, ರಾಪಿಸ್ ತನ್ನಿ. ಬೆಲೆ ಹೆಚ್ಚು, ಬೆಳವಣಿಗೆ ನಿಧಾನ. ಆದರೆ ಮಂದ ಬೆಳಕು, ಪುಣೆಯ ಡಿಸೆಂಬರ್ ಚಳಿ ಎರಡನ್ನೂ ತಡೆಯುತ್ತೆ.

ನೀರು. ವಾರಕ್ಕೆ ಎಷ್ಟು ಸಲ ಅಂತ ಕೇಳಬೇಡಿ. ಬೆರಳನ್ನ ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಣಗಿದ್ದರೆ ಕೆಳಗಿನ ತೂತಿನಿಂದ ಸುರಿಯೋವರೆಗೆ ಹಾಕಿ, ತಟ್ಟೆಯಲ್ಲಿ ನಿಂತಿದ್ದನ್ನ ಚೆಲ್ಲಿ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯೋದು ಸುಮ್ಮನೆ ಅಲ್ಲ. ಪಾಮ್‌ಗೆ ತೇವ ಬೇಕು, ನಿಂತ ನೀರು ಬೇರಿಗೆ ಆಗಲ್ಲ.

ಅದಕ್ಕಿಂತ ದೊಡ್ಡ ವಿಷಯ, ಯಾವ ನೀರು ಅನ್ನೋದು. ಪುಣೆಯ ಹೊಸ ಬಡಾವಣೆಗಳ ಎಷ್ಟೋ ಸೊಸೈಟಿಗಳಿಗೆ ಬೋರ್‌ವೆಲ್, ಟ್ಯಾಂಕರ್ ನೀರೇ ಗತಿ. ಅದು ಗಡಸು ನೀರು. ಮಣ್ಣಿನ ಮೇಲೆ, ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪು. ಎರಿಕಾದ ಗರಿಯ ತುದಿ ಸುಡೋಕೆ ಈ ಉಪ್ಪು ದೊಡ್ಡ ಕಾರಣ. ನೀರು ಉಳಿಸೋಕೆ ಅಂತ ಆರ್‌ಒ ಯಂತ್ರದಿಂದ ಆಚೆ ಬಿಡೋ ನೀರನ್ನ ಗಿಡಕ್ಕೆ ಹಾಕೋ ಅಭ್ಯಾಸ ತುಂಬಾ ಮನೆಗಳಲ್ಲಿದೆ. ಉದ್ದೇಶ ಒಳ್ಳೇದು, ಆದರೆ ಆ ನೀರಲ್ಲಿ ಉಪ್ಪು ಇನ್ನೂ ಜಾಸ್ತಿ. ಅದನ್ನ ನೆಲ ಒರೆಸೋಕೆ ಬಳಸಿ. ಎಸಿಯಿಂದ ಹನಿಯೋ ನೀರಲ್ಲಿ ಉಪ್ಪು ಬಹಳ ಕಡಿಮೆ. ಅದನ್ನ ಬಕೆಟಲ್ಲಿ ಹಿಡಿದು ಪಾಮ್‌ಗೆ ಹಾಕಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕುಂಡವನ್ನ ಎರಡು ದಿನ ಮಳೆಗೆ ಒಡ್ಡಿ. ಬೇಸಿಗೆಯ ಉಪ್ಪೆಲ್ಲ ತೊಳೆದುಹೋಗುತ್ತೆ, ಗರಿಯ ಧೂಳೂ ಹೋಗುತ್ತೆ.

ಒಣ ಗಾಳಿ. ಮಾರ್ಚ್-ಏಪ್ರಿಲ್‌ನಲ್ಲಿ ಗರಿ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಬಿಳಿ ಚುಕ್ಕೆ, ಕೆಳಗೆ ನವಿರಾದ ಬಲೆ ಕಂಡರೆ ಅದು ನುಸಿ. ಒಣ ಬಿಸಿ ಇದ್ದಾಗ ಹೆಚ್ಚುತ್ತೆ. ಔಷಧಿಗೆ ಓಡೋ ಮೊದಲು ಗಿಡವನ್ನ ಬಾತ್‌ರೂಮಿಗೆ ಒಯ್ದು, ಗರಿಯ ಕೆಳಭಾಗಕ್ಕೆ ಜೋರಾಗಿ ನೀರು ಬಿಡಿ. ನಾಲ್ಕೈದು ದಿನಕ್ಕೊಮ್ಮೆ, ಮೂರು ಸಲ. ಬಹಳ ಸಲ ಅಷ್ಟರಲ್ಲೇ ಹತೋಟಿಗೆ ಬರುತ್ತೆ.

ಕತ್ತರಿ. ಪಾಮ್‌ಗೆ ಪ್ರತಿ ಕಾಂಡಕ್ಕೂ ಒಂದೇ ಸುಳಿ. ಸುಳಿ ಹೋದರೆ ತೆಂಗಿನ ಮರ ಹೋಯ್ತು ಅಂತ ನಮಗೆ ಗೊತ್ತು. ಎರಿಕಾದ ಕಾಂಡವೂ ಹಾಗೇ. ಎತ್ತರ ಆಯ್ತು ಅಂತ ದಾಸವಾಳ ಸವರಿದ ಹಾಗೆ ತಲೆ ಸವರಬೇಡಿ, ಆ ಕಾಂಡ ಮತ್ತೆ ಚಿಗುರಲ್ಲ. ಇನ್ನೊಂದು ಮಾತು: ಕೆಳಗಿನ ಸೋಗೆ ಹಳದಿ ಆದ ತಕ್ಷಣ ಕತ್ತರಿಸಬೇಡಿ. ಪೊಟ್ಯಾಷ್ ಕಡಿಮೆ ಬಿದ್ದಾಗ ಗಿಡ ಹಳೇ ಸೋಗೆಯಿಂದ ಅದನ್ನ ಹೀರಿ ಹೊಸ ಸುಳಿಗೆ ಕಳಿಸುತ್ತೆ. ನೀವು ಹಳದಿಯನ್ನ ಕತ್ತರಿಸಿದರೆ ಅದರ ಮೇಲಿನ ಸೋಗೆಯಿಂದ ಹೀರೋಕೆ ಶುರು ಮಾಡುತ್ತೆ. ಪೂರ್ತಿ ಒಣಗಿ ಕಂದಾದ ಮೇಲೆ ತೆಗೆಯಿರಿ.

ಹಳದಿ ಎಲ್ಲಿ ಶುರುವಾಯ್ತು ಅನ್ನೋದನ್ನೂ ನೋಡಿ. ಹಳೇ ಸೋಗೆಯಲ್ಲಿ ಆದರೆ ಪೊಟ್ಯಾಷ್ ಅಥವಾ ಮೆಗ್ನೀಷಿಯಂ ಕೊರತೆ ಇರಬಹುದು. ಹೊಸ ಸೋಗೆಯೇ ಬಿಳಿಚಿಕೊಂಡು ಬಂದರೆ ಕಬ್ಬಿಣ ಸಿಗುತ್ತಿಲ್ಲ ಅಂತ. ಸಾಮಾನ್ಯವಾಗಿ ಬೇರಿಗೆ ನೀರು ಹೆಚ್ಚಾಗಿರುತ್ತೆ, ಇಲ್ಲಾ ಗಡಸು ನೀರಿಂದ ಮಣ್ಣು ಕ್ಷಾರ ಆಗಿರುತ್ತೆ. ಆಗ ಗೊಬ್ಬರ ಸುರಿದರೆ ಉಪಯೋಗ ಇಲ್ಲ, ಮೊದಲು ಬೇರು ಸರಿ ಮಾಡಬೇಕು.

ಮಣ್ಣು. ಅಂಟು ಮಣ್ಣಿನ ಮುದ್ದೆಯಲ್ಲಿ ಗಿಡ ಬಂದಿದ್ದರೆ ಜೂನ್-ಜುಲೈನಲ್ಲಿ ಕುಂಡ ಬದಲಿಸಿ. ಕೆಂಪು ಮಣ್ಣು, ಕೊಕೊಪೀಟ್, ದಪ್ಪ ಮರಳು, ಎರೆಗೊಬ್ಬರ ಸೇರಿಸಿದ ಸಡಿಲ ಮಣ್ಣು ಸಾಕು. ಹೆಬ್ಬೆರಳು ಗಾತ್ರದಷ್ಟೇ ದೊಡ್ಡ ಕುಂಡಕ್ಕೆ ಹೋಗಿ, ಬೇರು ಬಿಡಿಸೋಕೆ ಹೋಗಬೇಡಿ. ಒಂದು ಕುಂಡದಲ್ಲಿ ಹತ್ತಾರು ಸಸಿ ಒಟ್ಟಿಗೆ ಇಟ್ಟು ತುಂಬಿದ ಹಾಗೆ ಕಾಣಿಸಿರ್ತಾರೆ. ಅವನ್ನ ಬೇರ್ಪಡಿಸಿದರೆ ಅರ್ಧ ಸಾಯುತ್ತೆ. ಗೊಬ್ಬರ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ, ಸ್ವಲ್ಪ ಸ್ವಲ್ಪ. ಚಳಿಯಲ್ಲಿ ಬೇಡ.

ಅಡಿಕೆಯನ್ನೇ ಬೆಳೆಸಬಹುದಾ?

ಈ ಪ್ರಶ್ನೆ ಶಿರಸಿ, ಸಾಗರ, ಪುತ್ತೂರು, ಚನ್ನಗಿರಿ ಕಡೆಯವರಿಂದ ಬಂದೇ ಬರುತ್ತೆ. ಬೆಳೆಸಬಹುದು, ಆದರೆ ಆಸೆ ಎಷ್ಟಿರಬೇಕು ಅಂತ ತಿಳಿದು ಬೆಳೆಸಿ. ಅಡಿಕೆಗೆ ಹಿತವಾದ ಉಷ್ಣಾಂಶ ಸುಮಾರು 14ರಿಂದ 36 ಡಿಗ್ರಿ. ಪುಣೆಯ ಜನವರಿ ರಾತ್ರಿ ಅದಕ್ಕಿಂತ ಕೆಳಗಿಳಿಯುತ್ತೆ, ಏಪ್ರಿಲ್ ಮಧ್ಯಾಹ್ನ ಅದನ್ನ ದಾಟುತ್ತೆ. ಘಾಟಿ ಇಳಿದು ಕೊಂಕಣಕ್ಕೆ ಹೋದರೆ ಶ್ರೀವರ್ಧನದಲ್ಲಿ ಹೆಸರುವಾಸಿ ಅಡಿಕೆ ತೋಟಗಳಿವೆ. ನಾವಿರೋದು ಘಾಟಿಯ ಈಚೆ, ಒಣ ಕಡೆ.

ಬಾಲ್ಕನಿಯಲ್ಲಿ ಅದು ಕೊನೆ ಬಿಡಲ್ಲ, ಹಿಂಗಾರ ಕಾಣಲ್ಲ. ಆದರೆ ಮೂರು ನಾಲ್ಕು ವರ್ಷ ಅಗಲವಾದ ಚೆಂದದ ಎಲೆ ಗಿಡವಾಗಿ ಇರುತ್ತೆ. ಊರಿಂದ ಸಸಿ ತರೋ ಬದಲು, ಚೆನ್ನಾಗಿ ಹಣ್ಣಾದ ಗೋಟು ನಾಲ್ಕು ತನ್ನಿ. ಈಗ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕೆ ರೋಗದ ಕಾಟ ಇರೋದರಿಂದ ಸಸಿ, ಮಣ್ಣು ಅತ್ತಿತ್ತ ಓಡಾಡಿಸೋದು ಬೇಡ. ಇಲ್ಲಿ ಬೆಳೆಸಿದ್ದನ್ನ ತಿರುಗಿ ತೋಟಕ್ಕೂ ಒಯ್ಯಬೇಡಿ. ಗೋಟನ್ನ ಸಿಪ್ಪೆ ಸಮೇತ, ತೊಟ್ಟು ಮೇಲೆ ಬರೋ ಹಾಗೆ ಮರಳಲ್ಲಿ ಹೂತು, ನೆರಳಲ್ಲಿ ತೇವ ಇಡಿ. ಒಂದೂವರೆಯಿಂದ ಮೂರು ತಿಂಗಳಲ್ಲಿ ಮೊಳಕೆ ಬರುತ್ತೆ. ಚಳಿಗಾಲದ ರಾತ್ರಿ ಒಳಗೆ, ಬೇಸಿಗೆಯಲ್ಲಿ ಪೂರ್ತಿ ನೆರಳಿಗೆ, ಮಳೆಗಾಲದಲ್ಲಿ ಹೊರಗೆ. ಎರಡು ಎಲೆ ಬಿಟ್ಟ ಮೇಲೆ ಅದನ್ನ ಎರಿಕಾ ಪಕ್ಕ ಇಡಿ. ಹೆಸರು ಕದ್ದದ್ದು ಯಾವುದು, ಹೆಸರು ಕೊಟ್ಟದ್ದು ಯಾವುದು ಅಂತ ಮಕ್ಕಳಿಗೆ ತೋರಿಸೋಕೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ.

ಈ ಶನಿವಾರ ಒಂದು ಹತ್ತು ನಿಮಿಷ ಮಾಡಿಕೊಳ್ಳಿ. ಗರಿಯ ಮಡಿಕೆ ನೋಡಿ, ದಂಟಿನ ಬಣ್ಣ ನೋಡಿ, ಕುಂಡದ ಅಂಚಲ್ಲಿ ಬಿಳಿ ಉಪ್ಪಿದೆಯಾ ನೋಡಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಸೈಕಸ್ ಇದ್ದು ಮನೆಯಲ್ಲಿ ನಾಯಿಯೂ ಇದ್ದರೆ ಅವತ್ತೇ ಗಿಡವನ್ನ ಮನೆಯಿಂದ ಆಚೆ ಹಾಕಿ. ಏನೂ ತಿಳಿಯದಿದ್ದರೆ ಒಂದು ಫೋಟೊ ತೆಗೆದು ಊರಿಗೆ ಕಳಿಸಿ. ತೋಟ ಮಾಡಿದ ಕೈಯವರು ಯಾರಾದರೂ "ನೀರು ಜಾಸ್ತಿ ಆಗಿದೆ ಮಾರಾಯ" ಅಂತ ಒಂದೇ ನೋಟದಲ್ಲಿ ಹೇಳ್ತಾರೆ.